ಬಲಗೈಗೆ ಕಬ್ಬಿಣ

"ಯಾವ ಕಡೆ ಜಡಿ ಹೋಗ್ತೈತ್ರಿ?" ಎಂದು ಗಂಗೋತ್ರಿ ಕೇಳಿದಳು.

ನೀರಜಾ ಅವಳ ಬಲಕಿವಿಯ ಮುಂದೆ ಬೆರಳಿಟ್ಟು, ಮೇಲಕ್ಕೆ ಬಾಗಿಸಿ, ಹಣೆಯ ಅಂಚಿಗೆ ತಂದು ನಿಲ್ಲಿಸಿದಳು. "ಇಷ್ಟು. ಈ ಕಡೀದು ಅಷ್ಟ."

"ಅಂದ್ರ ಎಡಗಡೀದು ಉಳೀತೈತಿ." ಹುಡುಗಿ ಉಳಿಯಲಿರುವ ಜಡೆಯನ್ನು ಹಿಡಿದು ತೂಗಿ ನೋಡಿದಳು. "ಒಂದ ಜಡಿ ಹಾಕ್ಕಂಡು ಸಾಲಿಗೆ ಹೋದ್ರ ಒಂಟಿಕೋಡಿನ ಎಮ್ಮಿ ಅಂತಾರ್ರಿ. ನಮ್ ಕ್ಲಾಸಿನ್ಯಾಗ ಮಹಾಂತೇಶ ಅಂತ ಒಬ್ಬ ಅದಾನ, ಅವ ಮೊದ್ಲು ಅಂತಾನ. ಅವಂಗ ಮೂಗು ಒರಸ್ಕಳಾಕ ಬರಂಗಿಲ್ಲ, ಮಾತು ಮಾತ್ರ ಬರ್ತೈತಿ."

"ನಿನಗೇನು ಕಡಿಮಿ ಬರ್ತೈತೇನ್ಲೇ?" ಎಂದ ಅವಳಪ್ಪ ಹಂಪೇಶ್, ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು.

ಯಶವಂತನಗರದ ಆ ತಗಡಿನ ಮನೆ ಗಣಿ ಕಂಪನಿಯ ಬಸ್ಸು ನಿಲ್ಲುವ ಜಾಗದ ಹಿಂದಿತ್ತು. ಹೊರಗೋಡೆ ಸೊಂಟದೆತ್ತರದವರೆಗೆ ಕೆಂಪಗಿತ್ತು. ಯಾರೂ ಬಣ್ಣ ಬಳಿದದ್ದಲ್ಲ. ಲಾರಿಗಳು ಎಬ್ಬಿಸಿದ ಧೂಳು ಮಳೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಗೋಡೆಯೇ ಆಗಿಬಿಟ್ಟಿತ್ತು. ಒಳಗಿನ ಕೊಡ, ಹಾಸಿಗೆ, ಗಂಗೋತ್ರಿಯ ಶಾಲೆಯ ಬಿಳಿ ಸಾಕ್ಸು ಎಲ್ಲಕ್ಕೂ ಅದೇ ತೆಳುವಾದ ಕೆಂಪು. ಸಂಡೂರಿನ ಗುಡ್ಡಗಳ ನಡುವೆ ಇರುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದ ನೀರಜಾಳ ಕಣ್ಣಿಗೂ ಅದು ಅಷ್ಟಾಗಿ ಬಿದ್ದಿರಲಿಲ್ಲ.

ಬುಧವಾರ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳು ಈ ಹುಡುಗಿಯ ತಲೆಬುರುಡೆಯನ್ನು ತೆರೆಯುವವಳಿದ್ದಳು. ಇವತ್ತು ಭಾನುವಾರ. ತಿಂಗಳಿಗೊಮ್ಮೆ ಹುಟ್ಟೂರಿಗೆ ಬಂದು, ಮೂರ್ಛೆರೋಗದ ಮಕ್ಕಳನ್ನು ನೋಡಿ, ರಾತ್ರಿಯ ರೈಲಿಗೆ ಹಿಂತಿರುಗುವುದು ಅವಳ ರೂಢಿ. ಈ ಸೀಮೆಯ ಮಗುವಿಗೆ ಆಪರೇಷನ್ ಇದ್ದರೆ, ಅದಕ್ಕೆ ಮುಂಚೆ ಆ ಮಗು ಮಲಗುವ ಜಾಗವನ್ನೊಮ್ಮೆ ನೋಡಿ ಬರುತ್ತಿದ್ದಳು. ಯಾಕೆಂದು ಕೇಳಿದವರಿಗೆ ಹೇಳಲು ಬರುತ್ತಿರಲಿಲ್ಲ. ಜೊತೆಯ ವೈದ್ಯರು, ಮೇಡಂ ಹೆಣ್ಣು ನೋಡಲು ಹೋಗಿದ್ದಾರೆ ಎಂದು ನಗುತ್ತಿದ್ದರು. ತಮ್ಮ ಅಚ್ಯುತನ ಕಾರನ್ನು ತಾನೇ ಓಡಿಸಿಕೊಂಡು, ದಾರಿಯುದ್ದಕ್ಕೂ ಅದಿರಿನ ಲಾರಿಗಳ ಹಿಂದೆ ನಿಂತು ನಿಂತು ಬಂದಿದ್ದಳು.

ಹಂಪೇಶನ ತಾಯಿ ಎರ್ರೆಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಅಡುಗೆಯ ಮೂಲೆಯಲ್ಲೇ ನಿಂತಿದ್ದಳು. ನೀವು ಆಚಾರ್ರ ಮನಿಯವರು, ನಮ್ಮನ್ಯಾಗ ತಿಂತೀರೋ ಇಲ್ಲೋ ಎಂದು ಆಕೆ ಅರ್ಧ ತನಗೇ ಹೇಳಿಕೊಳ್ಳುವಂತೆ ಗೊಣಗಿದಾಗ ನೀರಜಾ ಎದ್ದು ಹೋಗಿ ತಟ್ಟೆ ಇಸಿದುಕೊಂಡಳು. ಮಿರ್ಚಿ ಬಿಸಿಯಾಗಿತ್ತು. ಗಂಗೋತ್ರಿ ನೀರಿನ ಲೋಟ ತಂದು ಎಡಗೈಯಲ್ಲಿ ಚಾಚಿದಳು. ಅಜ್ಜಿ ಆ ಕೈಗೆ ಮೆಲ್ಲಗೆ ಒಂದು ಏಟು ಹಾಕಿ ಲೋಟವನ್ನು ಬಲಗೈಗೆ ಬದಲಿಸಿದಳು. ಹುಡುಗಿಯ ತಾಯಿ ಎರಡನೇ ಹೆರಿಗೆಗೆಂದು ಕಂಪ್ಲಿಯ ತವರಿಗೆ ಹೋಗಿ ಕೂಸಿನೊಂದಿಗೆ ಅಲ್ಲೇ ಇದ್ದಳು. ಹಂಪೇಶ್ ಗಣಿಯಲ್ಲಿ ಅದಿರು ಅಗೆಯುವ ಹಿಟಾಚಿ ಓಡಿಸುವವನು. ರಜೆ ಸಿಗುವುದು ಕಷ್ಟ. ಹಾಗಾಗಿ ಬೆಂಗಳೂರಿನ ಪರೀಕ್ಷೆಗಳ ಅಷ್ಟೂ ದಿನ ಮೊಮ್ಮಗಳ ಜೊತೆಗಿದ್ದವಳು ಎರ್ರೆಮ್ಮ.

ಮದುವೆ ಮುಂಜಿಗಳಲ್ಲಿ ನೀರಜಾಳ ಸೋದರತ್ತೆಯರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಸಣ್ಣ ಮಕ್ಕಳ ತಲೆ ಹ್ಯಾಗ ಕೊಯ್ತೀಯೇ, ನಿನ್ನ ಕೈ ನಡುಗೋದಿಲ್ಲೇನೇ ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದಳು. ನಿಜವಾಗಿಯೂ ನಡುಗುತ್ತಿರಲಿಲ್ಲ. ದಿನಕ್ಕೆ ಎಷ್ಟೋ ಸಲ ನೆಲಕ್ಕೆ ಬೀಳುತ್ತಿದ್ದ ಮಗು ಆಪರೇಷನ್ ಆದ ಮೇಲೆ ಒಂದು ವರ್ಷ ಬೀಳದೆ ಸೈಕಲ್ ಕಲಿತದ್ದನ್ನು ಕಂಡವಳಿಗೆ ಕೈ ಯಾಕೆ ನಡುಗಬೇಕು? ಅಂಥ ಮಕ್ಕಳ ಮದುವೆಯ ಕರೆಯೋಲೆಗಳೂ ಈಚೆಗೆ ಬರತೊಡಗಿದ್ದವು. ಆಪರೇಷನ್ ಆದರೂ ಬೀಳುತ್ತಲೇ ಉಳಿದ ಮಕ್ಕಳೂ ಇದ್ದರು. ಎಲ್ಲರಿಗೂ ಗುಣವಾಗುವುದಿಲ್ಲ ಎಂದು ಮೊದಲೇ ಹೇಳಿರುತ್ತಿದ್ದುದರಿಂದ ಅವರ ತಂದೆತಾಯಿ ಜಗಳಕ್ಕೆ ಬರುತ್ತಿರಲಿಲ್ಲ. ಮೆಲ್ಲಗೆ ಬರುವುದನ್ನೇ ನಿಲ್ಲಿಸಿಬಿಡುತ್ತಿದ್ದರು.

ಕತ್ತರಿಸುವುದಕ್ಕಿಂತ ಎಲ್ಲಿ ಕತ್ತರಿಸಬೇಕು ಎಂದು ತಿಳಿಯುವುದೇ ಕಷ್ಟ. ಫಿಟ್ಸ್ ಎಲ್ಲಿಂದ ಹೊರಡುತ್ತದೋ ಆ ಚೂರು ಮಿದುಳನ್ನು ಹುಡುಕಿ ತೆಗೆಯಬೇಕು. ಮಿದುಳಿನ ಬಲಭಾಗ ಎಡಗೈಯನ್ನು ಆಡಿಸುತ್ತದೆ, ಎಡಭಾಗ ಬಲಗೈಯನ್ನು. ಯಾವ ಕೈ ಮೊದಲು ಸೆಟೆಯುತ್ತದೋ ಅದರ ಎದುರು ಭಾಗದಲ್ಲಿ ಕೇಡು ಇರುತ್ತದೆ. ನೀರಜಾ ತನ್ನ ಶಿಷ್ಯರಿಗೆ ಹೇಳುತ್ತಿದ್ದುದು ಒಂದೇ ಮಾತು: "ಕೈ ನೋಡ್ರಿ. ಮುಖ ಮೋಸ ಮಾಡ್ತದ, ತಂತಿ ಎಳೆದ ಗೆರಿ ಮೋಸ ಮಾಡ್ತಾವ, ಕೈ ಮಾಡೋದಿಲ್ಲ."

ಗಂಗೋತ್ರಿಯ ಸ್ಕ್ಯಾನಿನಲ್ಲಿ ಏನೂ ಕಂಡಿರಲಿಲ್ಲ. ತಲೆಗೆ ತಂತಿ ಅಂಟಿಸಿ ತೆಗೆದ ಗೆರೆಗಳು ಎರಡೂ ಕಡೆ ಒಟ್ಟಿಗೇ ಎದ್ದಂತಿದ್ದವು. ಇನ್ನೊಂದು ಸ್ಕ್ಯಾನಿನಲ್ಲಿ ಬಲಗಡೆ ತುಸು ಮಬ್ಬು ಇದೆ ಎಂದರೆ ಇತ್ತು, ಇಲ್ಲವೆಂದರೆ ಇಲ್ಲ. ಉಳಿದದ್ದು ವಿಡಿಯೋ. ಮಾತ್ರೆ ನಿಲ್ಲಿಸಿ, ಕ್ಯಾಮೆರಾ ಇಟ್ಟ ಕೋಣೆಯಲ್ಲಿ ಮಗುವನ್ನು ಮಲಗಿಸಿ, ಫಿಟ್ಸ್ ಬರುವುದನ್ನು ಕಾದು ಹಿಡಿದ ಚಿತ್ರಗಳು. ಪ್ರತಿ ಸಲವೂ ಹುಡುಗಿಯ ಎಡಗೈ ಮೇಲೆದ್ದು ಗಾಳಿಯಲ್ಲಿ ಸೆಟೆದು ನಿಲ್ಲುತ್ತಿತ್ತು. ಬಲಗೈ ಅಜ್ಜಿಯ ಎರಡೂ ಕೈಗಳ ನಡುವೆ ಸುಮ್ಮನಿರುತ್ತಿತ್ತು. ಕೇಡು ಬಲಭಾಗದ್ದು ಎಂದು ನೀರಜಾ ತೀರ್ಮಾನ ಕೊಟ್ಟಳು. ಅವಳ ಜೊತೆಯ ಕಿರಿಯ ನರವೈದ್ಯ ಪ್ರಾಣೇಶ ಮಾತ್ರ, ಮೊದಲ ಕ್ಷಣದಲ್ಲಿ ಅಜ್ಜಿಯ ಬೆನ್ನು ಅಡ್ಡ ಬರುತ್ತದೆ, ಅಜ್ಜಿಯನ್ನು ದೂರ ಕೂರಿಸಿ ಇನ್ನೊಮ್ಮೆ ನೋಡೋಣವೇ ಎಂದು ಕೇಳಿದ್ದ. ಮಕ್ಕಳ ವಾರ್ಡಿನಲ್ಲಿ ಮನೆಯವರನ್ನು ಮಗುವಿನ ಹತ್ತಿರದಿಂದ ಎಬ್ಬಿಸಬಾರದು ಎಂಬುದು ನೀರಜಾಳೇ ಮಾಡಿದ ನಿಯಮ. ಆ ನಿಯಮಕ್ಕಾಗಿ ಅವಳು ಹಿಂದೆ ದೊಡ್ಡವರೊಡನೆ ಜಗಳವಾಡಿದ್ದಳು. ಅಜ್ಜಿ ಕೈ ಹಿಡಿದುಕೊಂಡರೆ ಮಗುವಿಗೆ ಧೈರ್ಯ, ಇರಲಿ ಬಿಡಪ್ಪ ಎಂದಿದ್ದಳು.

ಗಂಗೋತ್ರಿ ಈಗ ಅಪ್ಪನ ಹಿಟಾಚಿಯ ಕತೆ ಶುರು ಮಾಡಿದ್ದಳು. ಅದಕ್ಕೂ ಹೊಟ್ಟೆನೋವು ಬರುತ್ತದಂತೆ, ಬಂದ ದಿನ ಅಪ್ಪ ಮನೆಗೆ ಬೇಗ ಬರುತ್ತಾನಂತೆ, ಆದ್ದರಿಂದ ತಾನು ದೇವರಿಗೆ ಏನು ಬೇಡಿಕೊಳ್ಳುತ್ತೇನೆಂದರೆ... ಮಾತು ಅಲ್ಲಿಗೆ ನಿಂತಿತು. ಕಣ್ಣು ತಗಡಿನ ಒಂದು ತೂತಿನ ಕಡೆ ಹೋಗಿ ನೆಟ್ಟಿತು.

ನೀರಜಾ ತಟ್ಟೆ ಕೆಳಗಿಡುವುದರೊಳಗೆ ಎರ್ರೆಮ್ಮ ಬಂದಾಗಿತ್ತು. ಆ ವಯಸ್ಸಿನ ಹೆಂಗಸು ಅಷ್ಟು ಬೇಗ ಹೇಗೆ ಬಂದಳೋ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಸಂಚಿಯೊಳಗೆ ಕೈ ಹಾಕಿ ತೆಗೆದು, ಹುಡುಗಿಯ ಬಲಗೈ ಹಿಡಿದು, ಬೆರಳುಗಳನ್ನು ಮಡಿಚಿ, ಆ ಮುಷ್ಟಿಯನ್ನು ತನ್ನೆರಡು ಕೈಗಳಲ್ಲಿ ಅಮುಕಿ ಎದೆಗೊತ್ತಿಕೊಂಡಳು. ಹುಡುಗಿಯ ಎಡಗೈ ಮೆಲ್ಲಗೆ ಮೇಲೆದ್ದಿತು. ಎದ್ದು, ಅಜ್ಜಿಯ ಹೆಗಲಿಗೆ ತಾಗಿ, ಅಲ್ಲೇ ಸೆಟೆದು ನಿಂತಿತು.

ಅದು ವಿಡಿಯೋದಲ್ಲಿ ಕಂಡದ್ದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬುಧವಾರದ ಕೆಲಸಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತೆಂದು ನೀರಜಾಳಿಗೆ ಒಳಗೊಳಗೇ ಸಮಾಧಾನವಾಯಿತು. ಹುಡುಗಿಯ ತಲೆಯ ಕೆಳಗೆ ತನ್ನ ದುಪ್ಪಟ್ಟಾ ಮಡಿಸಿ ಇಟ್ಟಳು. ಫಿಟ್ಸ್ ಬಂದಷ್ಟೇ ಸದ್ದಿಲ್ಲದೆ ಇಳಿಯಿತು. ಹುಡುಗಿ ಒಂದು ಮಗ್ಗುಲಿಗೆ ಸರಿದು ನಿದ್ದೆ ಹೋದಳು. ಎರ್ರೆಮ್ಮ ಅಮುಕಿದ್ದ ಕೈಗಳನ್ನು ತೆರೆದಳು. ಸಣ್ಣ ಮುಷ್ಟಿಯಿಂದ ನಿಂಬೆಹಣ್ಣಿನಷ್ಟು ದಪ್ಪದ ಒಂದು ಕಲ್ಲು ಜಾರಿ ಚಾಪೆಯ ಮೇಲೆ ಬಿತ್ತು. ಹುಡುಗಿಯ ಅಂಗೈ ಕೆಂಪಗಿತ್ತು.

"ಏನ್ರಿ ಅದು?" ಎಂದು ನೀರಜಾ ಕೇಳಿದಳು.

"ಅದಿರು ಕಲ್ಲು, ಡಾಕ್ಟ್ರಮ್ಮ." ಎರ್ರೆಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಸಂಚಿಗೆ ಸೇರಿಸಿದಳು. "ಫಿಟ್ಸ್ ಬಂದಾಗ ಕಬ್ಬಿಣ ಕೊಡಬೇಕಲ್ರಿ ಕೈಯಾಗ. ಕೊಟ್ರ ಬಿಡ್ತೈತಿ."

ಇದು ನೀರಜಾಳಿಗೆ ಗೊತ್ತಿಲ್ಲದ್ದಲ್ಲ. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಯಾರಾದರೂ ಬಿದ್ದರೆ ಜನ ಬೀಗದಕೈ ಹುಡುಕುವುದನ್ನು ಚಿಕ್ಕಂದಿನಿಂದ ಕಂಡವಳು. ಅದರಿಂದ ಏನೂ ಆಗುವುದಿಲ್ಲ ಎಂದು ಊರೂರಿನ ಶಿಬಿರಗಳಲ್ಲಿ ನಗುನಗುತ್ತಾ ಹೇಳಿಕೊಂಡು ಬಂದವಳು. ಏನೂ ಆಗುವುದಿಲ್ಲ, ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.

"ಬೆಂಗಳೂರಾಗೂ ಕೊಟ್ಟಿದ್ರೇನು?"

"ಕೊಡದ ಬಿಡ್ತೀನೇನ್ರಿ? ಮೊದ್ಲು ಬೀಗದ ಕೈ ಇಟ್ಕಂಡಿದ್ದೆ. ಆ ಸಿಸ್ಟರಮ್ಮ ನೋಡಿ ಕಸಗಂಡ್ಲು. ಆಮ್ಯಾಲ ಇದನ್ನ ಯಾರಿಗೂ ಕಾಣದಂಗ ಇಟ್ಕಂಡೆ. ಆಕೀಗೇನು ಗೊತ್ತಾತೈತಿ, ಕಲ್ಲು ಅಂದ್ಕಂತಾಳ." ಆಕೆ ತುಸು ನಕ್ಕಳು. "ಕಬ್ಬಿಣ ಎಲ್ಲಿಂದ ಬರ್ತೈತಿ ಅನ್ನಾದು ನಮ್ಮೂರಾಗ ಕೂಸಿಗೂ ಗೊತ್ತು."

ವಾರ್ಡಿನ ಹಾಸಿಗೆಯ ಮೇಲಿದ್ದ ಕೆಂಪು ಕಲೆ ನೀರಜಾಳಿಗೆ ನೆನಪಾಯಿತು. ವಿಡಿಯೋ ನೋಡುವಾಗ ಯಾರೋ, ರಕ್ತವೇ ಎಂದು ಕೇಳಿದ್ದರು. ಇನ್ಯಾರೋ, ಕುಂಕುಮ ಇರಬೇಕು, ಅಜ್ಜಿ ಪೂಜೆ ಮಾಡಿಸಿದ್ದಾಳೆ ಎಂದಿದ್ದರು. ತಾನೂ ತಲೆಯಾಡಿಸಿದ್ದಳು.

"ಯಾವಾಗ್ಲೂ ಬಲಗೈಗೇನ ಕೊಡ್ತೀರಿ?"

ಪ್ರಶ್ನೆಯೇ ಎರ್ರೆಮ್ಮನಿಗೆ ವಿಚಿತ್ರವಾಗಿ ಕಂಡಿತು. "ಎಡಗೈಯಾಗ ಯಾರನ ಏನನ ಕೊಡ್ತಾರೇನ್ರಿ?"

"ಹಿಡಿದಾಗ ಕೈ ಹೆಂಗಿರ್ತದ? ಮೆತ್ತಗಿರ್ತದೋ, ಬಿರುಸೋ?"

ಎರ್ರೆಮ್ಮ ಯೋಚಿಸಿದಳು. ತನಗೆ ಗೊತ್ತಾಗುವುದಿಲ್ಲ ಎಂದಳು. ತಾನು ಜೀವ ಬಿಟ್ಟು ಅಮುಕಿ ಹಿಡಿದಿರುತ್ತೇನೆ, ಬಿರುಸು ಆಕೆಯದೋ ತನ್ನದೋ ಹೇಗೆ ಹೇಳಲಿ ಎಂದಳು.

ನೀರಜಾ ಹೊರಗೆ ಬಂದಳು. ಎದುರಿನ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಅರ್ಧಕ್ಕೆ ಕೊರೆದಿದ್ದರು. ಉಳಿದರ್ಧದ ಮೇಲೆ ಕುರುಚಲು ಗಿಡಗಳು ಹಾಗೇ ನಿಂತಿದ್ದವು. ಕಾರಿಗೆ ಒರಗಿ ಅವಳು ಪ್ರಾಣೇಶನಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಹಾಗಾದ್ರೆ ವಿಡಿಯೋ ನಂಬೋ ಹಾಗಿಲ್ಲ ಮೇಡಂ," ಎಂದ ಅವನು. ಎಡಗೈ ಎದ್ದದ್ದು ಫಿಟ್ಸ್‌ನಿಂದಲೋ, ಇಲ್ಲಾ ಬಲಗೈಯನ್ನು ಹಿಡಿಯಲು ಹೋಗಿ ಅಜ್ಜಿ ಅಡ್ಡ ಬಂದದ್ದಕ್ಕೆ ಹಾಗೆ ನಿಂತಿತೋ ಎಂದು ಕೇಳಿದ. ಅವಳು ಗೊತ್ತಿಲ್ಲ ಎಂದಳು. ಕೇಡು ಎಡಭಾಗದ್ದಾಗಿದ್ದು, ಬುಧವಾರ ನಾವು ಬಲಭಾಗ ತೆಗೆದರೆ, ಎಂದು ಅವನು ಶುರು ಮಾಡಿದ. ಅವಳೇ ಮುಗಿಸಿದಳು. ಫಿಟ್ಸ್ ಹೋಗುವುದಿಲ್ಲ, ಚೆನ್ನಾಗಿರುವ ಮಿದುಳು ಹೋಗುತ್ತದೆ, ಎಡಗೈ ಜನ್ಮಪೂರ್ತಿ ಸೋಲುತ್ತದೆ.

"ಅದಷ್ಟೇ ಅಲ್ಲ ಮೇಡಂ," ಎಂದ ಪ್ರಾಣೇಶ. "ಎಡಭಾಗ ಅಂತ ಗೊತ್ತಾದ್ರೂ, ಆ ಜಾಗ ಅಂದ್ರೆ... ಪಕ್ಕದಲ್ಲೇ ಮಾತು."

ಬಲಭಾಗವಾದರೆ ಮಾತಿಗೆ ಭಯವಿಲ್ಲ, ಧೈರ್ಯವಾಗಿ ತೆಗೆಯಬಹುದಿತ್ತು. ಎಡಭಾಗದ ಆ ಜಾಗದಲ್ಲಿ ಚಾಕು ಒಂದು ಅಕ್ಕಿಕಾಳಿನಷ್ಟು ಆಚೆ ಹೋದರೆ ಮಗು ಎಲ್ಲ ಕೇಳಿಸಿಕೊಳ್ಳುತ್ತದೆ, ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಏನೂ ಬರುವುದಿಲ್ಲ. ಹಾಗೆಂದು ಬಿಟ್ಟರೆ ಬೀಳುವುದು ನಿಲ್ಲುವುದಿಲ್ಲ. ಇವಳ ಫಿಟ್ಸ್ ಯಾವ ಮಾತ್ರೆಗೂ ಬಗ್ಗಿರಲಿಲ್ಲ. ಮತ್ತೆ ವಿಡಿಯೋ ಮಾಡೋಣವೆಂದರೆ ಆ ಕೋಣೆಗೆ ಎಷ್ಟೋ ತಿಂಗಳ ಸಾಲು ಇದೆ ಎಂದು ಪ್ರಾಣೇಶ ನೆನಪಿಸಿದ. ಈಗೇನು ಮಾಡುತ್ತೀರಿ ಎಂದು ಕೇಳಲಿಲ್ಲ. ಬುಧವಾರಕ್ಕೆ ಎಲ್ಲ ಸಿದ್ಧವಾಗಿದೆ ಎಂದಷ್ಟೇ ಹೇಳಿ ಕಾದ. ನೋಡುತ್ತೇನೆ ಎಂದು ಅವಳು ಫೋನಿಟ್ಟಳು.

ಒಳಗೆ ಹಂಪೇಶ್ ತಾಯಿಯನ್ನು ಸಣ್ಣ ದನಿಯಲ್ಲಿ ಗದರುತ್ತಿದ್ದ. ಡಾಕ್ಟ್ರ ಮುಖ ನೋಡಿ ಏನೋ ತಪ್ಪಾಗಿದೆ ಎಂದು ಅವನಿಗೆ ಗೊತ್ತಾಗಿತ್ತು, ಏನೆಂದು ಗೊತ್ತಿರಲಿಲ್ಲ. ನೀರಜಾ ಇಬ್ಬರ ಎದುರಿಗೂ ಚಾಪೆಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಲ್ಲಿನಿಂದ ಕೆಡುಕಾಗಿಲ್ಲ. ಆದರೆ ಕೈ ಮುಚ್ಚಿಹೋಗಿದ್ದರಿಂದ ಫಿಟ್ಸ್ ಯಾವ ಕಡೆಯಿಂದ ಹೊರಡುತ್ತದೆ ಎಂಬುದು ತನಗೆ ಈಗ ಖಾತ್ರಿಯಿಲ್ಲ. ಎರಡೂ ಕೈ ಬಿಡಿಯಾಗಿರುವಾಗ ಒಂದೇ ಒಂದು ಸಲ ತಾನು ನೋಡಬೇಕು.

"ನೋಡಬಹುದ್ರಿ," ಎಂದ ಹಂಪೇಶ್, ಮಗಳ ಕಡೆ ನೋಡದೆ. "ಒಂದು ಬಂತಂದ್ರ ಜೋಡಿ ಬರ್ತೈತಿ. ನಿದ್ದಿ ತಿಳಿದು ಏಳ್ತಾಳಲ್ರಿ, ಆವಾಗ."

ಅದು ನೀರಜಾಳಿಗೂ ಗೊತ್ತಿತ್ತು. ಅವನ ಬಾಯಿಂದಲೇ ಬರಲಿ ಎಂದು ಕಾದಿದ್ದಳು.

ಎರ್ರೆಮ್ಮ ಮಾತ್ರ ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಮೇಲೆ, ಯಾರೂ ಕೇಳದಿದ್ದರೂ, ತನ್ನ ಹಿರಿಮಗನ ವಿಷಯ ಹೇಳಿದಳು. ಹಂಪೇಶನ ಅಣ್ಣ. ಅವನಿಗೂ ಇದೇ ಇತ್ತು. ಕಾಲುವೆಯ ಬದಿಗೆ ಎಮ್ಮೆ ಹೊಡೆದುಕೊಂಡು ಹೋಗಿದ್ದ. ಅವನು ಸಿಕ್ಕಾಗ ಎರಡೂ ಕೈ ಬಿಚ್ಚಿಕೊಂಡಿದ್ದವು, ಅಂಗೈಯಲ್ಲಿ ಬರೀ ಕೆಸರಿತ್ತು.

"ಕಬ್ಬಿಣ ಇರಲಿಲ್ಲ ನೋಡ್ರಿ," ಎಂದಳು. "ಹಿಡಕಣಾಕ ಅವಂಗ ಏನೂ ಇರಲಿಲ್ಲ."

"ಅವ ನೀರಾಗ ಬಿದ್ದು ಸತ್ತ, ಯವ್ವಾ," ಎಂದ ಹಂಪೇಶ್. ಈ ಮಾತು ಈ ಮನೆಯಲ್ಲಿ ಬಹಳ ಸಲ ಆಗಿರಬೇಕು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ನೀರಜಾ ತನ್ನ ಚೀಲದಿಂದ ಮೂಗಿಗೆ ಹೊಡೆಯುವ ಔಷಧದ ಸಣ್ಣ ಬಾಟಲಿ ತೆಗೆದು ತೋರಿಸಿದಳು. ಫಿಟ್ಸ್ ಬೇಗ ಬಿಡದಿದ್ದರೆ ಇದನ್ನು ಹೊಡೆಯುತ್ತೇನೆ, ನಿಮ್ಮ ಕಬ್ಬಿಣಕ್ಕಿಂತ ಜಲ್ದಿ ಬಿಡಿಸುತ್ತದೆ ಎಂದಳು. "ಒಂದ ಸಲ, ಅಜ್ಜಿ. ನನ್ನ ಸಲುವಾಗಿ ಬ್ಯಾಡ, ಆಕಿ ಸಲುವಾಗಿ."

ಎರ್ರೆಮ್ಮ ಸಂಚಿಯನ್ನು ಸೊಂಟದಿಂದ ಕಿತ್ತು ಮಗನ ಕಡೆ ಎಸೆದಳು. ಅವನು ಅದನ್ನು ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಆಕೆ ಮೊಮ್ಮಗಳ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಅಂಗೈಗಳನ್ನು ತನ್ನ ತೊಡೆಗಳ ಕೆಳಗೆ ತೂರಿಸಿಕೊಂಡಳು.

"ಹಿಂಗ ಕುಂದರ್ತೀನಿ," ಎಂದಳು. "ಇಲ್ಲಂದ್ರ ಇವು ನನ್ನ ಮಾತು ಕೇಳಂಗಿಲ್ಲ."

ಅವರು ಕಾದರು. ನೀರಜಾ ತನ್ನ ಮೊಬೈಲನ್ನು ನೀರಿನ ಕೊಡಕ್ಕೆ ಆನಿಸಿ, ಹುಡುಗಿಯ ಎರಡೂ ಕೈ ಕಾಣುವಂತೆ ಇಟ್ಟಳು. ತಗಡು ಕಾದು ಆಗಾಗ ಟಣ್ಣೆನ್ನುತ್ತಿತ್ತು. ಹೊರಗೆ ಯಾರೋ ಹೆಂಗಸರು ನಲ್ಲಿಯ ಸರದಿಗೆ ಜಗಳ ಆಡುತ್ತಿದ್ದರು, ಅದರ ನಡುವೆಯೇ ನಗುತ್ತಿದ್ದರು. ಗುಡ್ಡದ ಕಡೆಯಿಂದ ಸೈರನ್ ಕೂಗಿತು. ಸ್ವಲ್ಪ ಹೊತ್ತಿಗೆ ನೆಲ ಒಮ್ಮೆ ಅದುರಿ, ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. ಗಣಿಯ ಸಿಡಿತ ಎಂದ ಹಂಪೇಶ್. ನಲ್ಲಿಯ ಜಗಳ ನಿಂತಿರಲಿಲ್ಲ. ಹುಡುಗಿಗೆ ಎಚ್ಚರವಾಗಲಿಲ್ಲ.

ಮಲಗಿದ್ದ ಆ ಕೈಗಳನ್ನು ನೀರಜಾ ನೋಡುತ್ತಾ ಕೂತಳು. ಬಲಗೈ ಚಾಪೆಯ ಮೇಲೆ ಅಂಗಾತ ಬಿದ್ದಿತ್ತು. ಅಂಗೈಯ ಕೆಂಪು ಬೆವರಿಗೆ ಗೆರೆಗೆರೆಯಾಗಿತ್ತು. ಎಡಗೈಯ ಬೆರಳುಗಳ ನಡುವೆ ಬಿಚ್ಚಿದ ಜಡೆಯ ತುದಿ ಸಿಕ್ಕಿಕೊಂಡಿತ್ತು. ಎಡಗೈ ಮೊದಲು ಅಲ್ಲಾಡಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಹಾಗಾದರೆ ಎಲ್ಲ ಸರಿ; ಬುಧವಾರ ಬುಧವಾರವಾಗಿಯೇ ಉಳಿಯುತ್ತದೆ. ಆಮೇಲೆ ಇನ್ನೊಂದು ಹೊಳೆಯಿತು. ಈ ಸೀಮೆಯಿಂದ, ಸಿರುಗುಪ್ಪದಿಂದ, ಕೂಡ್ಲಿಗಿಯಿಂದ ಬಂದ ಎಷ್ಟು ಮಕ್ಕಳ ಪಕ್ಕದಲ್ಲಿ ಹೀಗೇ ಒಬ್ಬ ಅಜ್ಜಿಯೋ ತಾಯಿಯೋ ಕೈ ಹಿಡಿದು ಕೂತಿದ್ದರು? ಆ ವಿಡಿಯೋಗಳಲ್ಲಿ ಆ ಕೈಗಳು ಬಹಳ ಚೆನ್ನಾಗಿ ಕಂಡಿದ್ದವು. ಪರದೇಶದ ಒಂದು ಸಭೆಯಲ್ಲಿ ಅಂಥದೊಂದು ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ನಮ್ಮ ಮಕ್ಕಳು ಒಂಟಿಯಾಗಿ ನರಳುವುದಿಲ್ಲ ಎಂದು ಹೇಳಿದ್ದಳು. ಜನ ಎದ್ದು ಚಪ್ಪಾಳೆ ತಟ್ಟಿದ್ದರು. ಆ ಮಗು ಈಗ ಎಲ್ಲಿದೆಯೋ. ಬರುವುದನ್ನು ನಿಲ್ಲಿಸಿದವರಲ್ಲಿ ಅದೂ ಒಂದು.

ಬೇಗ ಬರಬಾರದೇ ಎನ್ನಿಸಿತು. ಒಂದು ಮಗುವಿಗೆ ಫಿಟ್ಸ್ ಬರಲೆಂದು ತಾನು ಇಷ್ಟು ಆಸೆಯಿಂದ ಕಾದದ್ದು ಈ ವೃತ್ತಿಯಲ್ಲಿ ಹೊಸದೇನಲ್ಲ. ಆದರೆ ಅಲ್ಲಿ ಕ್ಯಾಮೆರಾ ಕಾಯುತ್ತಿತ್ತು. ಅವಳು ಮರುದಿನ ಬಂದು ನೋಡುತ್ತಿದ್ದಳು.

ಗಂಗೋತ್ರಿಯ ರೆಪ್ಪೆ ಅದುರಿತು. ಕಣ್ಣು ತೆರೆದಳು. ಅಜ್ಜಿಯನ್ನು ಕಂಡು ಏನೋ ಹೇಳುವವಳಂತೆ ತುಟಿ ಬಿಚ್ಚಿದಳು. ಕಣ್ಣು ಮತ್ತೆ ಆ ತೂತಿನ ಕಡೆ ಹೋಯಿತು.

ಬಲಗೈಯ ಹೆಬ್ಬೆರಳು ಒಳಕ್ಕೆ ಮಡಚಿತು. ಒಮ್ಮೆ, ಮತ್ತೊಮ್ಮೆ, ಯಾರೋ ದಾರ ಕಟ್ಟಿ ಜಗ್ಗಿದಂತೆ. ಮಣಿಕಟ್ಟು ತಿರುಗಿತು. ಕೈ ಮೊಣಕೈತನಕ ಬಿಗಿದು ಚಾಪೆಯಿಂದ ಮೇಲೆದ್ದಿತು. ಎಡಗೈ ಇನ್ನೂ ಜಡೆಯ ತುದಿ ಹಿಡಿದು ಮಲಗೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅದು ಎದ್ದಿತು, ಸೆಟೆಯಲಿಲ್ಲ. ಎದೆಯ ಮೇಲಿಂದ ತಡವರಿಸುತ್ತಾ ಬಂದು ಬಲಗೈಯನ್ನು ಹಿಡಿದು, ಕೆಳಗೆ ಒತ್ತಲು ನೋಡಿತು.

ನೀರಜಾಳಿಗೆ ಬೇಕಾದದ್ದು ಸಿಕ್ಕಿತ್ತು. ಅಲ್ಲಿಗೆ ಸಾಕಿತ್ತು. ಆದರೆ ಅವಳು ನೋಡುತ್ತಲೇ ಇದ್ದಳು. ಬಿಗಿ ಭುಜಕ್ಕೆ ಏರುತ್ತದೆಯೇ, ಬಾಯಿ ಯಾವ ಕಡೆ ಎಳೆಯುತ್ತದೆ, ಎಲ್ಲವೂ ಬೇಕಿತ್ತು. ಒಂದೊಂದೂ ಜಾಗವನ್ನು ಇನ್ನಷ್ಟು ಸರಿಯಾಗಿ ತೋರಿಸುತ್ತದೆ. ಬಾಯಿ ಬಲಕ್ಕೆ ಎಳೆಯಿತು. ಈ ಸಲದ್ದು ಬೇಗ ಬಿಡಲಿಲ್ಲ. ಹುಡುಗಿಯ ತುಟಿಯ ಸುತ್ತ ಬಣ್ಣ ಬದಲಾಯಿತು. ಎರ್ರೆಮ್ಮ ಕುಳಿತಲ್ಲೇ ಹಿಂದೆ ಮುಂದೆ ತೂಗತೊಡಗಿದಳು. ಆಕೆ ಮೊಮ್ಮಗಳನ್ನು ನೋಡುತ್ತಿರಲಿಲ್ಲ, ನೀರಜಾಳ ಮುಷ್ಟಿಯನ್ನು ನೋಡುತ್ತಿದ್ದಳು. ಔಷಧದ ಬಾಟಲಿ ಅದರೊಳಗಿತ್ತು.

"ಮೇಡಂ," ಎಂದ ಹಂಪೇಶ್.

ಅವಳು ಬೆಚ್ಚಿ ಬಾಟಲಿಯ ಮುಚ್ಚಳ ತೆಗೆದಳು. ಒಂದು ಹೊಳ್ಳೆಗೆ, ಮತ್ತೊಂದಕ್ಕೆ. ಹುಡುಗಿಯ ಮೈ ಮೆಲ್ಲಗೆ ಸಡಿಲವಾಯಿತು. ಉಸಿರು ದೊಡ್ಡದಾಗಿ ಬಂತು, ಬಣ್ಣ ಮರಳಿತು. ಎಡಗೈ ಮಾತ್ರ ಬಲಗೈಯನ್ನು ಬಿಟ್ಟಿರಲಿಲ್ಲ.

ಬೆಂಗಳೂರಿನಲ್ಲಿ ಪ್ರತಿ ಫಿಟ್ಸ್ ಆದ ಮೇಲೂ ಸಿಸ್ಟರು ಹುಡುಗಿಯನ್ನು ಮಾತಾಡಿಸಲು ನೋಡಿದ್ದರು. ಹುಡುಗಿ ಉತ್ತರಿಸಿರಲಿಲ್ಲ. ಆ ಸಿಸ್ಟರಿನ ಕೇರಳದ ಕನ್ನಡ ಮಗುವಿಗೆ ತಿಳಿದಿರಲಿಕ್ಕಿಲ್ಲ, ಹೆದರಿದ್ದಾಳೆ, ನಿದ್ದೆಗಣ್ಣು ಎಂದೆಲ್ಲ ಅಂದುಕೊಂಡಿದ್ದರು. ನೀರಜಾ ಗೂಡಿನಲ್ಲಿದ್ದ ಬಾಚಣಿಗೆಯನ್ನು ತೆಗೆದು ಹುಡುಗಿಯ ಕಣ್ಣ ಮುಂದೆ ಹಿಡಿದಳು. ಹುಡುಗಿ ಅದನ್ನು ನೋಡಿದಳು. ಕಣ್ಣುಗಳು ತಿಳಿಯಾಗಿದ್ದವು.

"ಇದೇನವ್ವ?"

ಗಂಗೋತ್ರಿ ಬಾಚಣಿಗೆಯನ್ನು ನೋಡಿದಳು, ನೀರಜಾಳನ್ನು ನೋಡಿದಳು. ಎಡಗೈ ಎತ್ತಿ ತನ್ನ ಕೂದಲಿಗೆ ಮುಟ್ಟಿಸಿದಳು. ಅದು ಏನೆಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಒಂದು ಸದ್ದು ಬಂತು, ಅದಕ್ಕೆ ಮುಂದೆ ಏನೂ ಕೂಡಿಕೊಳ್ಳಲಿಲ್ಲ.

"ಸ್ವಲ್ಪ ಹೊತ್ತಿಗೆ ಬರ್ತದ," ಎಂದಳು ನೀರಜಾ, ಯಾರಿಗೆಂದಿಲ್ಲದೆ. ನಿಜ, ಬರುತ್ತಿತ್ತು. ಇವತ್ತು ಬರುತ್ತಿತ್ತು. ಆದರೆ ಕೇಡು ಮಾತಿನ ಜಾಗಕ್ಕೇ ಅಂಟಿಕೊಂಡಿತ್ತು, ಚಾಕು ತಾಗಿದ ಮೇಲೂ ಬರುತ್ತದೆಂದು ಹೇಳುವಂತಿರಲಿಲ್ಲ.

ಹಂಪೇಶ್ ತೊಡೆಯ ಮೇಲಿನ ಸಂಚಿಯನ್ನು ಹಿಡಿದೇ ಮುಂದಕ್ಕೆ ಸರಿದ. ಈಗ ನೋಡಿದಿರಲ್ಲ, ನಿಮಗೆ ಖಾತ್ರಿ ಆಯಿತಲ್ಲ ಎಂದು ಕೇಳಿದ. ಅವಳು ಹೂಂ ಎಂದಳು. ಅವನ ಮುಖ ಎಷ್ಟೋ ಹಗುರಾಯಿತು.

"ಹಂಗಾದ್ರ ಬುಧವಾರ ಏಟೊತ್ತಿಗೆ ಬರಬೇಕ್ರಿ?"

"ಬುಧವಾರ ಬ್ಯಾಡ್ರಿ."

"ಮತ್ತ ಯಾವಾಗ್ರಿ?"

ನೀರಜಾ ಬಾಚಣಿಗೆಯನ್ನು ಇನ್ನೊಮ್ಮೆ ಎತ್ತಿ ಹಿಡಿದಳು. ಹುಡುಗಿ ಹುಬ್ಬು ಗಂಟಿಕ್ಕಿ, ತುಟಿಗಳನ್ನು ಒಂದು ಸಲ ಕೂಡಿಸಿ, ಒಂದು ಸಲ ಬಿಡಿಸಿ, ಆ ಮಾತಿಗಾಗಿ ಹುಡುಕುತ್ತಿದ್ದಳು. ಹೊರಗೆ ನಲ್ಲಿಯ ಬಳಿ ಯಾರೂ ಉಳಿದಿರಲಿಲ್ಲ. ತುಂಬಿದ ಕೊಡದೊಳಗೆ ನೀರು ಬೀಳುವ ಸದ್ದಷ್ಟೇ ಇತ್ತು. ಹಂಪೇಶ್ ಮಗಳ ಬಾಯನ್ನೇ ನೋಡುತ್ತಿದ್ದ. ಎರ್ರೆಮ್ಮ ಕೂತ ಜಾಗದಿಂದ ಕದಲಿರಲಿಲ್ಲ. ಅವಳ ಎರಡೂ ಕೈಗಳು ಇನ್ನೂ ತೊಡೆಗಳ ಕೆಳಗೇ ಇದ್ದವು. ಸಾಕು, ತೆಗೆಯಿರಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.